ನಾಲ್ಕು ಚೀಲ ಮಂಡಕ್ಕಿ

ಆಫೀಸಿನಲ್ಲಿ ಇದರ ನಂಬರು ನಲವತ್ತೇಳು.
ನೂರಾ ತೊಂಬತ್ತೆರಡು ಚುಕ್ಕೆ ನೂರಾ ಅರವತ್ತೆಂಟು
ಚುಕ್ಕೆ ಒಂದು ಚುಕ್ಕೆ ನಲವತ್ತೇಳು.
ಸಿಸ್ಟಂ ನೋಡುವ ರುದ್ರಮುನಿ ಚೀಟಿ ಬರೆದು
ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸಿದ್ದಾನೆ,
ಕೂಸಿಗೆ ತಾಯಿತ ಕಟ್ಟಿದ ಹಾಗೆ.

ಮನೆಯಲ್ಲಿ ಆ ನಂಬರು ನಡೆಯುವುದಿಲ್ಲ.
ದಾವಣಗೆರೆಯ ಮಂಡಕ್ಕಿ ಭಟ್ಟಿ, ಮೂರನೇ ಗಲ್ಲಿ,
ತಮ್ಮ ಹಾಕಿಸಿದ ವೈಫೈ ಡಬ್ಬಿ
ಬಂದವರಿಗೆಲ್ಲ ಬಾಯಿಗೆ ಬಂದ ನಂಬರು ಕೊಡುತ್ತದೆ,
ಇವತ್ತು ಐದು, ನಾಳೆ ಹನ್ನೊಂದು.
ಹಾಗಾಗಿ ದಿನವೂ ಸಂಜೆ
ಬುರ್ಖಾ ಮೊಳೆಗೆ ಸಿಕ್ಕಿಸಿ, ಕೈಕಾಲು ತೊಳೆದು,
ಸೆಟ್ಟಿಂಗ್ಸಿನ ಒಳಗೆ, ಅದರ ಒಳಗೆ, ಅದರೊಳಗಿನ ಒಳಗೆ ಹೋಗಿ
ಒಂದು ಚುಕ್ಕೆ ತೆಗೆದು ಇನ್ನೊಂದು ಇಡುತ್ತೇನೆ.
ಬೆಳಿಗ್ಗೆ ಒಂಬತ್ತೂವರೆಗೆ ಮತ್ತೆ ಮೊದಲಿನದು.
ಮರೆತರೆ
ಅಪೆಂಡಿಕ್ಸು, ಹೆರಿಗೆ, ಮೊಣಕಾಲು ಚಿಪ್ಪು,
ಎಲ್ಲ ಕ್ಲೇಮುಗಳೂ
ಕೆಂಪು ಇಂಟು ಮಾರ್ಕಿನ ಹಿಂದೆ ನಿಂತು ಕಾಯುತ್ತವೆ.

"ಎರಡೂ ಕಡೆ ತಾನೇ ಹೊಂದಿಕೊಳ್ಳೋ ಹಾಗೆ ಆಗಲ್ವಾ?"
"ಆಗಂಗಿಲ್ರಿ ಫರ್ಜಾನಾ ಮೇಡಂ,
ಒಂದು ಮಷೀನಿಗೆ ಒಂದು ಪದ್ಧತಿ."
ಎರಡು ವರ್ಷ ಇದೇ ಉತ್ತರ.
ನಾನೂ ಹೂಂ ಅಂದೆ, ಉರ್ದುವಿನಲ್ಲಿ ತಮ್ಮನನ್ನು ಬೈದು ಹೊರಟವಳು
ಅಶೋಕ ರಸ್ತೆಯ ರೈಲ್ವೆ ಗೇಟು ತೆಗೆಯುವಷ್ಟರಲ್ಲಿ
ಕನ್ನಡದಲ್ಲಿ ನಗಲು ತಯಾರಾಗುವವಳು.

ಮನೆಯಿಂದ ಅದು ಮರಳು ಹೊತ್ತು ಹೋಗುತ್ತದೆ.
ಅಕ್ಕಿ ಅರಳಿಸುವ ನುಣ್ಣನೆ ಮರಳಿನ ಒಂದು ಕಾಳು
'ಕ' ಕೀಲಿಯ ಅಡಿ ಸೇರಿದೆ.
ಒತ್ತಿದಾಗೆಲ್ಲ ಕರ್ರ್ ಅನ್ನುತ್ತದೆ.

ದೀಪಾವಳಿ ಕಳೆದ ಒಂದು ರಾತ್ರಿ
ಅಮ್ಮಿ ಕಂದು ರಟ್ಟಿನ ವಹಿ ಹಿಡಿದು ಕೂತಳು.
ಕಣ್ಣು ಮಂಜು, ಬಾಕಿಯೆಲ್ಲ ದೊಡ್ಡಕ್ಷರದಲ್ಲಿ ಬೇಕಂತೆ.
ಅವಳು ಉರ್ದುವಿನಲ್ಲಿ ಓದಿದಳು, ನಾನು ಕನ್ನಡದಲ್ಲಿ ಹೊಡೆದೆ.
ಹೊಂಡದ ಸರ್ಕಲ್ ಬಸಣ್ಣ, ಗಿರ್ಮಿಟ್ ಗಾಡಿ, ಆರು ಚೀಲ.
ನಿಟುವಳ್ಳಿ ಕಾಳಮ್ಮ, ಎರಡೂವರೆ.
ಹರಿಹರದ ಬಾಬಾಜಾನ್,
"ದೇವರೇ ನೋಡಿಕೊಳ್ಳಲಿ" ಅಂದಳು, ಅದನ್ನೂ ಹೊಡೆದೆ.
ಹನ್ನೆರಡಾಗಿತ್ತು. ತೂಕಡಿಕೆ. ಅಭ್ಯಾಸಬಲ.
ಪ್ರಿಂಟ್ ಒತ್ತಿದೆ.
ನಮ್ಮ ಮನೆಯಲ್ಲಿ ಪ್ರಿಂಟರೆಲ್ಲಿ?
ಅದು ಆಫೀಸಿನದನ್ನು ಹುಡುಕಿತು, ಹುಡುಕಿತು,
ಸಿಗದೆ ಸುಮ್ಮನಾಯಿತು.
ನಾನೂ ಮಲಗಿದೆ.

ಮರುದಿನ ನಂಬರು ಬದಲಿಸಿ
ಚಹಾ ಕುಡಿದು ಬರುವಷ್ಟರಲ್ಲಿ
ಮೂಲೆಯ ಪ್ರಿಂಟರು ತಾನಾಗಿ ಎದ್ದು
ಗಂಟಲು ಸರಿಮಾಡಿಕೊಂಡು
ರಾತ್ರಿಯದನ್ನೆಲ್ಲ ಹೇಳಿಬಿಟ್ಟಿತ್ತು.
ಹಾಳೆ ರುದ್ರಮುನಿಯ ಕೈಯಲ್ಲಿ.
ಅವನ ಬೆರಳು ಹದಿನಾಲ್ಕನೇ ಸಾಲಿನ ಮೇಲೆ:
ಆಸ್ಪತ್ರೆ ಕ್ಲೇಮು ವಿಭಾಗ, ಆಯುಧ ಪೂಜೆ, ನಾಲ್ಕು ಚೀಲ,
ರುದ್ರಮುನಿ ಹೇಳಿದ್ದು, ಬಂದಿಲ್ಲ.

ಅವತ್ತು ಈ ಲ್ಯಾಪ್‌ಟಾಪಿಗೂ ಅವನೇ ಕುಂಕುಮ ಇಟ್ಟಿದ್ದ,
ಮುಚ್ಚಳದ ಸಂದಿಯಲ್ಲಿ ಇನ್ನೂ ಕೆಂಪಿದೆ.
ಬೊಗಸೆ ಬೊಗಸೆ ತಿಂದಿದ್ದೆವು ಎಲ್ಲರೂ.
ಚಂದಾ ಎತ್ತಿದವನು ಅವನು.

ಹಾಳೆ ನಾಲ್ಕು ಮಡಿಕೆಯಾಗಿ ನನ್ನ ಮೇಜಿಗೆ ಬಂತು.
ಹಿಂದೆಯೇ ಅವನೂ ಬಂದ, ಕುರ್ಚಿ ಎಳೆದುಕೊಂಡ.
"ಪಕ್ಕದಾಗ ಇನ್ನೊಂದು ಟ್ಯಾಬು ಐತ್ರಿ, ನಾನೇ ನೋಡಿರಲಿಲ್ಲ."
ಎರಡು ವರ್ಷ ಆಗದ್ದು ಎರಡೇ ನಿಮಿಷ.
"ಮೊದಲು ನಂಬರು ಕೊಡ್ರಿ ಅಂತ ಕೇಳತೈತಿ.
ಯಾರೂ ಓ ಅನ್ನಲಿಲ್ಲ ಅಂದ್ರ
ತನಗೆ ಗೊತ್ತಿದ್ದ ನಲವತ್ತೇಳನ್ನೇ ಹಾಕ್ಕೊಂತೈತಿ."
ಪರದೆ ನೋಡುತ್ತಲೇ ಹೇಳಿದ. ಕಿವಿ ಕೆಂಪಗಿತ್ತು.

ಈಗ ಸಂಜೆ ತೆರೆದರೆ ಸಾಕು.
ಚೀಟಿ ಕಿತ್ತಿಲ್ಲ. ಮೂಲೆ ಎದ್ದು, ಭಟ್ಟಿಯ ಹೊಗೆ ಹಿಡಿದಿದೆ.
ಬೆಳಿಗ್ಗೆ ಆಫೀಸಿನಲ್ಲಿ ಮಾತ್ರ ಅರ್ಧ ನಿಮಿಷ
ಪುಟ್ಟ ಉಂಗುರ ಸುತ್ತುತ್ತದೆ,
ಗಲ್ಲಿಯ ಡಬ್ಬಿಯನ್ನು ಕರೆಯುತ್ತಿದೆ ಅಂತ ನನ್ನ ಲೆಕ್ಕ.
ಕಾಯುತ್ತೇನೆ.
ಯಾರೂ ಓ ಅನ್ನುವುದಿಲ್ಲ.
ನಲವತ್ತೇಳು.

ಹೊಸ ತಿಂಗಳ ಪಟ್ಟಿಗೆ ಅಮ್ಮಿ ಮತ್ತೆ ವಹಿ ತೆಗೆದಳು.
"ಹದಿನಾಲ್ಕನೇ ಸಾಲು ಹೊಡೆದುಹಾಕಲಾ?
ಪಾಪ, ನಿನ್ನ ಕೆಲಸ ಮಾಡಿಕೊಟ್ಟನಲ್ಲ."
ಸ್ವಲ್ಪ ಯೋಚಿಸಿದೆ.
ನಾಲ್ಕು ಚೀಲ, ಬಾಕಿ, ಎಂದು ಹೊಡೆದೆ.
ಕರ್ರ್ ಅಂದಿತು.